ಬಯಲುಸೀಮೆಯಲ್ಲಿ ಬಿಡಾರ: ಕಡಿಮೆ ಖರ್ಚಿನ ಗುಂಪು ಪ್ರವಾಸದ ಪಾಠ



ಪ್ರವಾಸ ಎಂದ ಕೂಡಲೇ ನಮಗೆ ನೆನಪಾಗುವುದು ಮೈಸೂರು, ಬೇಲೂರು, ಹಳೇಬೀಡು, ಜೋಗ. ಅಂದರೆ ಅರಮನೆ ಗುಡಿ ಇರುವ ಊರು, ಇಲ್ಲವೇ ನೀರು ಹಸಿರು ಇರುವ ಊರು. ನಮ್ಮ ಬಯಲುಸೀಮೆಯನ್ನು ನೋಡಬೇಕು ಅಂತ ಯಾರಿಗೂ ಅನಿಸೋದಿಲ್ಲ. "ಅಲ್ಲೇನೈತಿ, ಬರೇ ಬಿಸಲು" ಅಂತೀವಿ. ಆದರೆ ಆಸ್ಟ್ರೇಲಿಯಾ ದೇಶದ ಒಣ ನಡುನಾಡನ್ನು ನೋಡಲಿಕ್ಕೆ ಪ್ರಪಂಚದ ಎಲ್ಲ ಕಡೆಯಿಂದ ಜನ ಹೋಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಶ್ರೀಮಂತರಲ್ಲ, ರೊಕ್ಕ ಕಡಿಮೆ ಇರುವ ವಿದ್ಯಾರ್ಥಿಗಳು. ಅವರು ಗುಂಪು ಕಟ್ಟಿಕೊಂಡು, ನೆಲದ ಮೇಲೆ ಮಲಗಿ, ತಾವೇ ಅಡಿಗೆ ಮಾಡಿಕೊಂಡು ಊರು ನೋಡುತ್ತಾರೆ. ಈ ರೀತಿಯನ್ನು ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಕಡೆಗೆ ಹೊಂದಿಸಿದರೆ ಹೇಗೆ ಎಂಬುದೇ ಈ ಪಾಠ. ಶಾಲೆಯಲ್ಲಿ ಪ್ರವಾಸದ ಸುದ್ದಿ ಬಂದಾಗ ಕೆಲವು ಗೆಳೆಯರು "ನನಗ ಬರಾಕ ಆಗೋದಿಲ್ಲ, ಮನ್ಯಾಗ ಕೆಲಸ ಐತಿ" ಅಂತಾರಲ್ಲ, ಅದರ ನಿಜವಾದ ಕಾರಣ ನಮಗೆಲ್ಲ ಗೊತ್ತು. ಅವರನ್ನೂ ಕರಕೊಂಡು ಹೋಗುವ ಲೆಕ್ಕ ಸಿಗಬಹುದೇ ಎಂದು ನೋಡುವುದಕ್ಕೇ ನಾನು ಇದನ್ನು ಬರೆದಿದ್ದೇನೆ.

1. ಮರುಭೂಮಿ ಬೇರೆ, ಬಯಲುಸೀಮೆ ಬೇರೆ

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆಯಾಗುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ರಾಜಸ್ಥಾನದ ಜೈಸಲ್ಮೇರಿನಲ್ಲಿ 200 ಮಿ.ಮೀ.ಗಿಂತ ಕಡಿಮೆ ಮಳೆ. ಆಸ್ಟ್ರೇಲಿಯಾದ ನಡುಮಧ್ಯದ ಆಲಿಸ್ ಸ್ಪ್ರಿಂಗ್ಸ್ ಊರಿನಲ್ಲಿ ಸುಮಾರು 280 ಮಿ.ಮೀ. ನಮ್ಮ ಕಡೆ ಅದರ ಎರಡು ಪಟ್ಟಿಗಿಂತ ಹೆಚ್ಚು ಮಳೆ ಆಗುತ್ತದೆ. ಆದ್ದರಿಂದ ನಮ್ಮದು ಮರುಭೂಮಿ ಅಲ್ಲ. ಪಶ್ಚಿಮಘಟ್ಟ ಮಳೆಮೋಡವನ್ನು ತಡೆಯುವುದರಿಂದ ಘಟ್ಟದ ಪೂರ್ವಕ್ಕೆ ಇರುವ ನಾವು ಮಳೆನೆರಳಿನಲ್ಲಿ ಇದ್ದೇವೆ. ಹಾವೇರಿ ಜಿಲ್ಲೆಯಲ್ಲೇ ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಭತ್ತ ಬೆಳೆಯುತ್ತಾರೆ, ಪೂರ್ವಕ್ಕೆ ರಾಣೇಬೆನ್ನೂರಿನ ಕಡೆ ಬಂದಂತೆ ಮಳೆ ಕಡಿಮೆಯಾಗಿ ಹುಲ್ಲುಗಾವಲು, ಕುರುಚಲು ಕಾಡು ಸಿಗುತ್ತದೆ.

ಒಣನಾಡಿನ ಗುಣ ಒಂದೇ ಥರ. ಹಗಲು ಸುಡುತ್ತದೆ, ರಾತ್ರಿ ಚಳಿ ಕೊರೆಯುತ್ತದೆ. ಗಾಳಿಯಲ್ಲಿ ನೀರಿನ ಆವಿ, ಮೇಲೆ ಮೋಡ ಇದ್ದರೆ ನೆಲದ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಒಣಗಾಳಿ, ಬರಿ ಆಕಾಶ ಇದ್ದರೆ ಶಾಖವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಮಧ್ಯಾಹ್ನ ನೀರಿನ ಕೊಡ ಎಷ್ಟು ಮುಖ್ಯವೋ ಬೆಳಗಿನ ಜಾವ ಕಂಬಳಿ ಅಷ್ಟೇ ಮುಖ್ಯ.

2. ಅವರು ಹೇಗೆ ಹೋಗುತ್ತಾರೆ?

ಆಲಿಸ್ ಸ್ಪ್ರಿಂಗ್ಸ್‌ನಿಂದ ಉಲುರು ಎಂಬ ದೊಡ್ಡ ಕೆಂಪು ಬಂಡೆಗೆ ರಸ್ತೆಯಲ್ಲಿ ಸುಮಾರು 450 ಕಿ.ಮೀ. ಬಂಡೆಯ ಎತ್ತರ 348 ಮೀಟರ್, ಸುತ್ತಿ ಬಂದರೆ 9 ಕಿ.ಮೀ.ಗಿಂತ ಹೆಚ್ಚು. ನಡುವೆ ಊರುಗಳೇ ಅಪರೂಪ. ಕಡಿಮೆ ಖರ್ಚಿನ ಗುಂಪುಗಳು ಒಂದು ಸಣ್ಣ ಬಸ್ಸಿನಲ್ಲಿ ಸುಮಾರು ಇಪ್ಪತ್ತು ಮಂದಿ ಕೂತು, ಹಿಂದೆ ಸಾಮಾನಿನ ಗಾಡಿ ಕಟ್ಟಿಕೊಂಡು ಹೋಗುತ್ತವೆ. ರಾತ್ರಿ ಸ್ವ್ಯಾಗ್ ಎಂಬ ದಪ್ಪ ಬಟ್ಟೆಯ ಹಾಸಿಗೆಯ ಸುರುಳಿ ಬಿಚ್ಚಿ ಅದರೊಳಗೆ ತೂರಿಕೊಂಡು ಬಯಲಿನಲ್ಲೇ ಮಲಗುತ್ತಾರೆ. ಒಲೆಗೆ ಕಟ್ಟಿಗೆ ತರುವುದು, ಪಾತ್ರೆ ತಿಕ್ಕುವುದು, ತರಕಾರಿ ಹೆಚ್ಚುವುದು ಎಲ್ಲ ಪಾಳಿಯ ಮೇಲೆ. ಗೋಧಿ ಹಿಟ್ಟು, ಉಪ್ಪು, ನೀರು ಕಲಸಿ ಕೆಂಡದ ಬೂದಿಯಲ್ಲಿ ಸುಟ್ಟ ಡ್ಯಾಂಪರ್ ಎಂಬ ರೊಟ್ಟಿ ಅಲ್ಲಿಯ ಹಳೇ ದಾರಿಬುತ್ತಿ.

ಖರ್ಚು ಕಡಿಮೆಯಾಗಲು ಮೂರು ಕಾರಣ: ವಾಹನ ಹಂಚಿಕೊಳ್ಳುವುದು, ಲಾಡ್ಜಿನ ಬಾಡಿಗೆ ಇಲ್ಲದಿರುವುದು, ಆಳಿನ ಕೆಲಸ ತಾವೇ ಮಾಡುವುದು. ಮೂರೂ ನಮ್ಮಿಂದ ಆಗುವಂಥವೇ.

ಇನ್ನೊಂದು ಮಾತೂ ಇದೆ. ಉಲುರು ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರ ಸ್ಥಳ. 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲವನ್ನು ಅವರಿಗೆ ಮರಳಿಸಿತು. ಬಂಡೆ ಹತ್ತಬೇಡಿ ಎಂದು ಅವರು ಕೇಳಿಕೊಳ್ಳುತ್ತಲೇ ಇದ್ದರು. 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಪೂರ್ತಿ ನಿಲ್ಲಿಸಲಾಯಿತು. ಪ್ರವಾಸಿ ಎಂದರೆ ಇನ್ನೊಬ್ಬರ ಮನೆಗೆ ಹೋದ ಅತಿಥಿ, ಯಜಮಾನ ಅಲ್ಲ.

3. ನಮ್ಮ ಹಿರಿಯರ ಬಿಡಾರ: ಮೈಲಾರದ ಬಂಡಿ

ಇದೆಲ್ಲ ಪರದೇಶದ ಮಾತು ಅಂತ ತಿಳೀಬ್ಯಾಡ್ರಿ. ನಮ್ಮ ಹಿರಿಯರು ಇದನ್ನು ಮೊದಲಿನಿಂದ ಮಾಡುತ್ತಲೇ ಬಂದಿದ್ದಾರೆ. ತುಂಗಭದ್ರೆಯ ಆಚೆ ದಂಡೆಯ ಕಡೆ ಹೂವಿನಹಡಗಲಿ ತಾಲೂಕಿನಲ್ಲಿ ಮೈಲಾರ ಎಂಬ ಕ್ಷೇತ್ರ ಇದೆ. ಭಾರತ ಹುಣ್ಣಿಮೆಯ ಜಾತ್ರೆಗೆ ನಮ್ಮ ಭಾಗದ ರೈತರು ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಡೆಂಕನ ಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಅದನ್ನು ಕೇಳಿ ಆ ವರ್ಷದ ಮಳೆ ಬೆಳೆ ಹೇಗೆ ಎಂದು ಮಂದಿ ಅರ್ಥ ಹಚ್ಚುತ್ತಾರೆ.

ನಮ್ಮ ಅಜ್ಜನನ್ನು ಕೇಳಿ ಬಂಡಿ ಪ್ರಯಾಣದ ಕ್ರಮ ಬರೆದುಕೊಂಡೆ. ಒಂದೇ ಬಂಡಿ ಎಂದೂ ಹೋಗುತ್ತಿರಲಿಲ್ಲ. ಓಣಿಯ ನಾಲ್ಕಾರು ಬಂಡಿ ಸಾಲಾಗಿ ಹೋಗಬೇಕು. ಒಂದರ ಅಚ್ಚು ಮುರಿದರೆ ಉಳಿದವರು ನಿಲ್ಲಬೇಕು. ನಸುಕಿನಲ್ಲಿ ಹೂಡಿ, ಬಿಸಿಲು ಏರಿದ ಮೇಲೆ ಮರದ ನೆರಳಿನಲ್ಲಿ ಕೊಳ್ಳು ಹರಿದು, ಸಂಜೆ ತಂಪಿಗೆ ಮತ್ತೆ ಹೂಡುವುದು. ಮೊದಲು ನೀರು ನೋಡಿ ಆಮೇಲೆ ಬಿಡಾರ. ಮೊದಲು ಎತ್ತಿಗೆ ಮೇವು, ಆಮೇಲೆ ಮನುಷ್ಯನಿಗೆ ರೊಟ್ಟಿ. ರಾತ್ರಿ ಬಂಡಿಯ ಕೆಳಗೆ ಕಂಬಳಿ ಹಾಸಿ ಮಲಗುವುದು, ಒಬ್ಬರು ಎಚ್ಚರ ಇರುವುದು.

ಕಾಲದ ಆಯ್ಕೆಯನ್ನೂ ಗಮನಿಸಿ. ಭಾರತ ಹುಣ್ಣಿಮೆ ಫೆಬ್ರವರಿ ಸುಮಾರಿಗೆ ಬರುತ್ತದೆ. ಮಳೆ ಇಲ್ಲ, ಬೇಸಿಗೆ ಇನ್ನೂ ಏರಿಲ್ಲ, ರಾತ್ರಿ ಬೆಳದಿಂಗಳು, ಸುಗ್ಗಿಯ ಕಾಳು ಮನೆಗೆ ಬಂದಿರುತ್ತದೆ ಇಲ್ಲವೇ ಬರುವುದರಲ್ಲಿರುತ್ತದೆ, ಹೊಳೆಯಲ್ಲಿ ನೀರು ಇರುತ್ತದೆ. ಭಕ್ತಿಯ ಜೊತೆಗೆ ಹಿರಿಯರ ಲೆಕ್ಕಾಚಾರವೂ ಇದರಲ್ಲಿದೆ.

ಕುರಿಗಾರರೂ ಹೀಗೆಯೇ. ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಬಿಡಾರ ಮಾಡುತ್ತಾರೆ. ಹೊಲದಲ್ಲಿ ಕುರಿ ತರುಬಿದರೆ ಗೊಬ್ಬರ ಸಿಗುತ್ತದೆಂದು ರೈತರು ಅವರಿಗೆ ಕಾಳು ಇಲ್ಲವೇ ರೊಕ್ಕ ಕೊಡುತ್ತಾರೆ. ಅವರ ಹೆಗಲ ಮೇಲಿನ ಕಂಬಳಿಯೇ ಹಾಸಿಗೆ, ಹೊದಿಕೆ, ಕೊಡೆ ಎಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಪಾಲು ತೇವ ಹೀರಿದರೂ ಮೈ ಬೆಚ್ಚಗೆ ಇಡುತ್ತದೆ.

4. ಸಾಮಾನು ಹೆಚ್ಚಾದರೆ ಏನಾಗುತ್ತದೆ?

1860ರ ಆಗಸ್ಟ್ 20ರಂದು ಬರ್ಕ್ ಮತ್ತು ವಿಲ್ಸ್ ಎಂಬುವರ ತಂಡ ಆಸ್ಟ್ರೇಲಿಯಾದ ದಕ್ಷಿಣದ ಮೆಲ್ಬರ್ನ್‌ನಿಂದ ಉತ್ತರದ ಸಮುದ್ರಕ್ಕೆ ಹೊರಟಿತು. ಆ ತಂಡದ ಒಂಟೆಗಳನ್ನು ಹಿಂದೂಸ್ತಾನದಿಂದ ತರಿಸಿದ್ದರು, ಈಗ ಪಾಕಿಸ್ತಾನದಲ್ಲಿರುವ ಕರಾಚಿ ಬಂದರಿನಿಂದ ಅವು ಹಡಗು ಹತ್ತಿದವು. ತಂಡದ ಸಾಮಾನು ಸುಮಾರು 20 ಟನ್ನು. ಊಟದ ಮೇಜು, ಕುರ್ಚಿ ಕೂಡ ಇದ್ದವು! ಭಾರ ಹೆಚ್ಚಾಗಿ ನಡೆ ನಿಧಾನವಾಯಿತು, ತಂಡ ಒಡೆಯಿತು. ನಾಲ್ವರು ಮಾತ್ರ ಉತ್ತರದ ಕಡಲಿನ ಸಮೀಪಕ್ಕೆ ಹೋಗಿ ಮರಳಿದರು, ದಾರಿಯಲ್ಲಿ ಒಬ್ಬ ಸತ್ತ. ಉಳಿದ ಮೂವರು 1861ರ ಏಪ್ರಿಲ್ 21ರ ಸಂಜೆ ಕೂಪರ್ ಹಳ್ಳದ ಬಿಡಾರಕ್ಕೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ನಾಲ್ಕು ತಿಂಗಳು ದಾರಿ ಕಾಯ್ದವರು ಅದೇ ದಿನ ಬೆಳಿಗ್ಗೆ ಬಿಡಾರ ಕಿತ್ತು ಹೋಗಿದ್ದರು. ಬರ್ಕ್, ವಿಲ್ಸ್ ಇಬ್ಬರೂ ಅಲ್ಲೇ ತೀರಿಕೊಂಡರು. ಜಾನ್ ಕಿಂಗ್ ಒಬ್ಬನೇ ಬದುಕಿದ. ಅವನಿಗೆ ಅನ್ನ ಹಾಕಿ ಉಳಿಸಿದವರು ಆ ಹಳ್ಳದ ಯಂಡ್ರುವಂಡ ಎಂಬ ಮೂಲನಿವಾಸಿಗಳು.

ಇದರಲ್ಲಿ ಮೂರು ಪಾಠ ಇವೆ. ಒಂದು, ಬೇಡದ ಭಾರ ಹೊರಬಾರದು. ಎರಡು, ಎಲ್ಲಿ ಯಾವಾಗ ಕೂಡಬೇಕು, ತಡವಾದರೆ ಏನು ಮಾಡಬೇಕು ಎಂದು ಮೊದಲೇ ಮಾತಾಡಿ ಬರೆದಿಡಬೇಕು. ಮೂರು, ಆ ನೆಲದಲ್ಲಿ ಹುಟ್ಟಿ ಬೆಳೆದವರ ಮಾತು ಕೇಳಬೇಕು.

5. ನೀರಿನ ಲೆಕ್ಕ

ನಮ್ಮ ಗುಂಪಿನಲ್ಲಿ 27 ಮಕ್ಕಳು, 3 ಗುರುಗಳು, ಒಟ್ಟು 30 ಮಂದಿ ಎಂದು ಇಟ್ಟುಕೊಳ್ಳೋಣ. ಎರಡು ದಿನದ ಬಿಡಾರ. ಒಬ್ಬರಿಗೆ ದಿನಕ್ಕೆ:
ಕುಡಿಯಲು 4 ಲೀಟರ್
ಅಡಿಗೆಗೆ 2 ಲೀಟರ್
ಕೈ, ತಟ್ಟೆ ತೊಳೆಯಲು 1 ಲೀಟರ್
ಒಟ್ಟು 7 ಲೀಟರ್

30 × 7 = 210 ಲೀಟರ್ ಒಂದು ದಿನಕ್ಕೆ. ಎರಡು ದಿನಕ್ಕೆ 420 ಲೀಟರ್. ಆಪತ್ತಿಗೆಂದು ಕಾಲು ಭಾಗ, ಅಂದರೆ 105 ಲೀಟರ್ ಹೆಚ್ಚು. ಒಟ್ಟು 525 ಲೀಟರ್. 20 ಲೀಟರಿನ ಕ್ಯಾನು 27 ಬೇಕು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಅಂದರೆ ಐದು ಕ್ವಿಂಟಲಿಗಿಂತ ಹೆಚ್ಚು ಭಾರ! ತಲೆಯ ಮೇಲೆ ಹೊತ್ತು ಆಗುವ ಮಾತಲ್ಲ. ಆದ್ದರಿಂದ ಬಿಡಾರ ಯಾವಾಗಲೂ ಶುದ್ಧ ನೀರಿನ ನಲ್ಲಿ, ಬೋರು ಇರುವ ಊರಿನಲ್ಲೇ ಇರಬೇಕು. ಹಗಲು ನಡೆಯಲು ಹೋದಾಗ ಒಬ್ಬೊಬ್ಬರ ಹತ್ತಿರ ಎರಡು ಲೀಟರ್ ಇದ್ದರೆ ಸಾಕು. ನೀರಿನ ನಂಬಿಕೆ ಇಲ್ಲದಿದ್ದರೆ ಕುದಿಸಿ ಆರಿಸಬೇಕು.

ಬಿಸಿಲಿನಲ್ಲಿ ನಡೆಯುವವರು ಗಂಟೆಗೆ ಒಂದು ಲೀಟರ್ ನೀರು ಕುಡಿಯಬೇಕು ಎಂದು ಉಲುರು ಉದ್ಯಾನದವರು ಹೇಳುತ್ತಾರೆ. ಅಲ್ಲಿಯೇ ಹತ್ತಿರದ ಒಂದು ಕಣಿವೆಯ ದಾರಿಯನ್ನು, ಬಿಸಿಲು 36 ಡಿಗ್ರಿ ಮುಟ್ಟುವ ದಿನ ಬೆಳಿಗ್ಗೆ 11ಕ್ಕೆ ಮುಚ್ಚುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 36 ಡಿಗ್ರಿ ಅಂದರೆ ಏನೂ ಅಲ್ಲ ಅಂತೀವಿ. ಆದ್ದರಿಂದಲೇ ಬೇಸಿಗೆ ರಜೆಯಲ್ಲಿ ಈ ಪ್ರವಾಸ ಬೇಡ. ನವೆಂಬರಿನಿಂದ ಫೆಬ್ರವರಿವರೆಗೆ ಸರಿಯಾದ ಕಾಲ.

6. ಬುತ್ತಿಯ ಲೆಕ್ಕ

ನಮ್ಮ ಕಡಕ್ ಜೋಳದ ರೊಟ್ಟಿ ಪ್ರವಾಸಕ್ಕೆಂದೇ ಹುಟ್ಟಿದ ಊಟ. ಬೂಸು, ರೋಗಾಣು ಬೆಳೆಯಲು ತೇವ ಬೇಕು. ಕಡಕ್ ರೊಟ್ಟಿಯಲ್ಲಿ ತೇವ ಇಲ್ಲ, ಆದ್ದರಿಂದ ದಿನಗಟ್ಟಲೆ ಕೆಡುವುದಿಲ್ಲ, ಭಾರವೂ ಇಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇದ್ದರೆ ಪಲ್ಯೆ ಇಲ್ಲದಿದ್ದರೂ ನಡೀತೈತಿ. ಎರಡು ದಿನಕ್ಕೆ ಒಬ್ಬರ ಪಾಲು ಹೀಗೆ:
ಜೋಳದ ಹಿಟ್ಟು 800 ಗ್ರಾಂ
ಬೇಳೆ 150 ಗ್ರಾಂ
ಶೇಂಗಾ 120 ಗ್ರಾಂ
ಬೆಲ್ಲ 100 ಗ್ರಾಂ

30 ಮಂದಿಗೆ ಒಟ್ಟು ಹಿಟ್ಟು 24 ಕಿಲೋ, ಬೇಳೆ ನಾಲ್ಕೂವರೆ ಕಿಲೋ, ಶೇಂಗಾ 3 ಕಿಲೋ 600 ಗ್ರಾಂ, ಬೆಲ್ಲ 3 ಕಿಲೋ. ಉಪ್ಪು, ಖಾರ, ಉಳ್ಳಾಗಡ್ಡಿ, ಮಜ್ಜಿಗೆ ಬೇರೆ. ಇದನ್ನು ಅಂಗಡಿಯಲ್ಲಿ ಕೊಂಡರೆ ರೊಕ್ಕ, ಮನೆಮನೆಯಿಂದ ತಂದರೆ ಒಂದೊಂದು ಸೇರಿನ ಮಾತು.

7. ರೊಕ್ಕದ ಲೆಕ್ಕ

ಪ್ರವಾಸದ ಖರ್ಚಿನಲ್ಲಿ ಎರಡು ಜಾತಿ. ಎಷ್ಟು ಮಂದಿ ಬಂದರೂ ಬದಲಾಗದ ಖರ್ಚು ಒಂದು, ಉದಾಹರಣೆಗೆ ವಾಹನದ ಬಾಡಿಗೆ. ತಲೆಗೆ ತಕ್ಕಂತೆ ಏರುವ ಖರ್ಚು ಇನ್ನೊಂದು, ಉದಾಹರಣೆಗೆ ಊಟ. ಲೆಕ್ಕಕ್ಕೆಂದು ವಾಹನದ ಬಾಡಿಗೆ 9,000 ರೂಪಾಯಿ ಎಂದು ಇಟ್ಟುಕೊಳ್ಳಿ.
15 ಮಂದಿ ಹೋದರೆ ಒಬ್ಬರಿಗೆ 600 ರೂ.
30 ಮಂದಿ ಹೋದರೆ ಒಬ್ಬರಿಗೆ 300 ರೂ.

ಅಂದರೆ ಬಡವ ಬಂದರೆ ಉಳಿದವರಿಗೆ ಭಾರ ಅನ್ನುವ ಮಾತು ತಪ್ಪು. ಆ ಹುಡುಗ ಅರ್ಧವೇ ಕೊಟ್ಟು ಬಂದರೂ ಉಳಿದವರ ಪಾಲು ಇಳಿಯುತ್ತದೆ. ಇನ್ನೂ ನೋಡಿ. 30ರಲ್ಲಿ 6 ಮಂದಿ ಏನೂ ಕೊಡಲಾರರು ಎಂದುಕೊಳ್ಳಿ. ಉಳಿದ 24 ಮಂದಿ 375 ರೂ. ಕೊಟ್ಟರೆ ಸರಿಹೋಗುತ್ತದೆ. ಆ ಆರು ಮಂದಿಯನ್ನು ಬಿಟ್ಟು ಹೋದರೂ ಇವರಿಗೆ ಅದೇ 375 ರೂಪಾಯಿಯೇ! ವಾಹನದ ಬಾಡಿಗೆ ಇಳಿಯುವುದಿಲ್ಲವಲ್ಲ. ಸೀಟು ಖಾಲಿ ಹೋಗುತ್ತದೆ, ಅಷ್ಟೇ. ಹಾಗಾದರೆ ಅವರನ್ನು ಬಿಟ್ಟು ಹೋಗಿ ಯಾರಿಗೆ ಏನು ಉಳಿಯಿತು? ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಉತ್ತರ. ದಯವಿಟ್ಟು ಎಲ್ಲರೂ ಒಂದು ಸಲ ಹಾಳೆಯ ಮೇಲೆ ಮಾಡಿ ನೋಡಿರಿ.

ಅದಕ್ಕೆ ನನ್ನ ಸಲಹೆ ಮೂರು. ರೊಕ್ಕದ ಬದಲು ಕಾಳು, ಹಿಟ್ಟು, ಬೆಲ್ಲ ಕೊಡಲು ಅವಕಾಶ ಇರಲಿ. ಯಾರು ಎಷ್ಟು ಕೊಟ್ಟರು ಎಂದು ತರಗತಿಯಲ್ಲಿ ಹೆಸರು ಓದುವುದು ಬೇಡ, ಮುಚ್ಚಿದ ಲಕೋಟೆಯಲ್ಲಿ ಗುರುಗಳ ಕೈಗೆ ಕೊಡೋಣ. ಒಬ್ಬರೇ ಕಳಿಸಲು ಮನೆಯವರು ಹಿಂಜರಿಯುವ ಹೆಣ್ಣುಮಕ್ಕಳಿಗಾಗಿ ಒಬ್ಬ ಶಿಕ್ಷಕಿ ಇಲ್ಲವೇ ತಾಯಿ ಜೊತೆಗೆ ಬರಲಿ, ಅವರು ಮಲಗಲು ಬೇರೆ ಕೋಣೆ ಇರಲಿ.

8. ಎಲ್ಲಿಗೆ ಹೋಗೋಣ?

ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೇಬೆನ್ನೂರು ಒಂದೇ ರೈಲು ಹಾದಿಯ ಮೇಲಿವೆ. ಪ್ಯಾಸೆಂಜರ್ ರೈಲು ಸಿಕ್ಕರೆ ಮೇಲಿನ ವಾಹನದ ಬಾಡಿಗೆಯೂ ಬಹಳ ಮಟ್ಟಿಗೆ ಉಳಿಯುತ್ತದೆ.

ಹಾವೇರಿಯಲ್ಲಿ ಚಾಲುಕ್ಯರ ಕಾಲದ ಸಿದ್ಧೇಶ್ವರ ಗುಡಿ ನೋಡಬೇಕು. ಬಹಳ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಸುಕ್ಕು ತೊಗಲು, ಕಡುಗೆಂಪು ಬಣ್ಣ, ಕಡಿಮೆ ಖಾರ ಇದರ ಗುರುತು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದರಿಂದ ತೆಗೆದ ಬಣ್ಣದೆಣ್ಣೆ ತಿನಿಸಿಗೂ ತುಟಿಬಣ್ಣಕ್ಕೂ ಹೋಗುತ್ತದೆ. ಒಣ ಹವೆಯೇ ಕಾಯಿ ಒಣಗಿಸುವ ಬಂಡವಾಳ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ದೇವರಗುಡ್ಡದಲ್ಲಿ ಮಾಲತೇಶ ಸ್ವಾಮಿಯ ಗುಡಿ, ಅಲ್ಲಿಯೂ ದಸರೆಯಲ್ಲಿ ಕಾರಣಿಕ ಆಗುತ್ತದೆ.

ಕೊನೆಗೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 119 ಚದರ ಕಿ.ಮೀ. ಕೃಷ್ಣಮೃಗಕ್ಕೆ ದಟ್ಟ ಕಾಡು ಬೇಡ, ದೂರದಿಂದ ವೈರಿ ಕಾಣುವ ಬಯಲು ಬೇಕು. ಗಂಡಿಗೆ ಕಪ್ಪು ಬೆನ್ನು, ತಿರುಚಿದ ಕೋಡು. ಹೆಣ್ಣು ಕಂದು, ಸಾಮಾನ್ಯವಾಗಿ ಕೋಡು ಇರುವುದಿಲ್ಲ. ಓಡಿದರೆ ಗಂಟೆಗೆ 80 ಕಿ.ಮೀ. ವೇಗ.

ಇಲ್ಲಿಯೇ ಹಿಂದೆ ಎರೆಭೂತ ಎಂಬ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ ಇತ್ತು. ಇಂದು ಇಡೀ ಪ್ರಪಂಚದ ಕಾಡುಬಯಲಿನಲ್ಲಿ ಅವು ಇನ್ನೂರಕ್ಕಿಂತ ಕಡಿಮೆ ಉಳಿದಿವೆ, ಬಹುಪಾಲು ಜೈಸಲ್ಮೇರಿನ ಕಡೆ. ಹುಲ್ಲುಬಯಲು ಅಂದರೆ ಬೀಳುಭೂಮಿ ಎಂದು ತಿಳಿದು ಮರ ನೆಟ್ಟರೆ ಬಯಲಿನ ಜೀವಿಗಳಿಗೆ ಮನೆ ಹೋಗುತ್ತದೆ. ಅಭಯಾರಣ್ಯದಲ್ಲಿ ಕಾಣುವ ನೀಲಗಿರಿ ಮರದ ಮೂಲ ಯಾವುದು ಗೊತ್ತೇ? ಅದೇ ಆಸ್ಟ್ರೇಲಿಯಾ! ಬರ್ಕನ ತಂಡ ಕಾಯ್ದಿದ್ದ ಕೂಪರ್ ಹಳ್ಳದ ದಂಡೆಯ ಮರವೂ ನೀಲಗಿರಿಯ ಒಂದು ಜಾತಿಯದೇ. ಆ ನೆಲಕ್ಕೆ ಅದು ತಕ್ಕದ್ದು, ನಮ್ಮ ಹುಲ್ಲುಗಾವಲಿಗೆ ಅಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಅಭಯಾರಣ್ಯದ ಅಂಚಿನ ರೈತರ ಮಾತನ್ನೂ ಕೇಳಬೇಕು. ಚಿಗರಿ ಹಿಂಡು ಹೊಲಕ್ಕೆ ನುಗ್ಗಿ ಬೆಳೆ ತಿಂದರೆ ಅವರ ವರ್ಷದ ದುಡಿಮೆ ಹೋಗುತ್ತದೆ. ಚಿಗರಿ ಚೆಂದ ಅನ್ನುವುದು ನೋಡಲಿಕ್ಕೆ ಹೋದವರಿಗೆ ಸುಲಭ.

ಅಭಯಾರಣ್ಯದೊಳಗೆ ಬಿಡಾರ ಹೂಡಬಾರದು. ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಳಿಗ್ಗೆ ಹೋಗಿ ನೋಡಿ ಬರಬೇಕು. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ರಾತ್ರಿ ಬಿಡಾರಕ್ಕೆ ಹತ್ತಿರದ ಊರಿನ ಶಾಲೆಯನ್ನೋ ಗುಡಿಯ ಪೌಳಿಯನ್ನೋ ಊರವರನ್ನು ಕೇಳಿ ಪಡೆಯಬೇಕು.

9. ಜೀವ ಮೊದಲು

ತಲೆಸುತ್ತು, ಅರ್ಥವಿಲ್ಲದ ಮಾತು, ಕೆಂಡದಂಥ ಮೈ ಕಂಡರೆ ಅದು ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ವಾಂತಿ ಭೇದಿ ಆದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ ಉಪ್ಪಿನ ಇಂಥ ನೀರಿನಿಂದಲೇ ಸಾವಿರಾರು ಜೀವ ಉಳಿಸಿದರು.

ಕಟ್ಟಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ನೋವೂ ಗೊತ್ತಾಗುವುದಿಲ್ಲ. ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದರೆ ಹಾವು ಒಳಗೆ ಬರುವುದು ಬಹಳ ಕಷ್ಟ. ಬ್ಯಾಟರಿ ಇಲ್ಲದೆ ಕತ್ತಲಲ್ಲಿ ಏಳಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಅಂಗವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು.

ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ, ಗಟ್ಟಿಯಾದವರು ಹಿಂದೆ ಇರಲಿ. ಗಂಟೆಗೊಮ್ಮೆ ತಲೆ ಎಣಿಸಬೇಕು. ಬಂಡಿ ಸಾಲಿನ ನಿಯಮ ಇದೇ ಆಗಿತ್ತು: ಒಂದು ನಿಂತರೆ ಎಲ್ಲವೂ ನಿಲ್ಲಬೇಕು.

ಅಭ್ಯಾಸ ಪ್ರಶ್ನೆಗಳು

1. ನಮ್ಮ ತರಗತಿಯ ಎಲ್ಲರೂ ಮೂರು ದಿನ ಹೋದರೆ ಎಷ್ಟು ಕ್ಯಾನು ನೀರು ಬೇಕು?
2. ಬಾಡಿಗೆ 8,000 ರೂ., 40 ಮಂದಿ. 8 ಮಂದಿ ಕೊಡಲಾರರು. ಉಳಿದವರ ಪಾಲು ಎಷ್ಟು? ಆ 8 ಮಂದಿ ಬರದಿದ್ದರೆ ಎಷ್ಟು?
3. ನಿಮ್ಮ ಮನೆಯ ಹಿರಿಯರು ಜಾತ್ರೆಗೆ ಬಂಡಿಯಲ್ಲಿ ಹೋಗಿದ್ದರೆ, ಎಲ್ಲೆಲ್ಲಿ ಬಿಡಾರ ಮಾಡಿದರು, ನೀರು ಎಲ್ಲಿ ಸಿಕ್ಕಿತು ಎಂದು ಕೇಳಿ ಬರೆಯಿರಿ.

ಉತ್ತರ ಬರೆದ ಚೀಟಿಯನ್ನು ಪತ್ರಿಕೆಯ ಕೆಳಗಿನ ಡಬ್ಬಿಯಲ್ಲಿ ಹಾಕಿರಿ. ಮೂರನೆಯ ಪ್ರಶ್ನೆಯ ಉತ್ತರಗಳನ್ನು ಸೇರಿಸಿ ಮುಂದಿನ ಸಂಚಿಕೆಯಲ್ಲಿ ನಮ್ಮೂರ ಬಂಡಿದಾರಿಯ ನಕಾಶೆ ಬರೆಯೋಣ. ಎರಡನೆಯ ಪ್ರಶ್ನೆಯ ಉತ್ತರವನ್ನು ಮಾತ್ರ ಪ್ರವಾಸದ ಹೆಸರು ಪಟ್ಟಿ ಬರೆಯುವ ಮೊದಲೇ ಎಲ್ಲರೂ ಮಾಡಿರಬೇಕೆಂದು ಕೋರುತ್ತೇನೆ.